ಶೇ. 85 ಎಂದು ಬರೆದವರು ಯಾರು?

ಸಿಗರೇಟ್ ಪ್ಯಾಕಿನ ಮೇಲೆ ಎಚ್ಚರಿಕೆ ಚಿತ್ರ ಎಷ್ಟು ದೊಡ್ಡದಿರಬೇಕು ಎನ್ನೋದು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ರೈತನಿಗೆ ಯಾಕೆ ಬೇಕು? 2016ರ ಏಪ್ರಿಲ್ ನೆನಪಿರುವವರು ಹಾಗೆ ಕೇಳಲಾರರು. ಆ ತಿಂಗಳ 1ನೇ ತಾರೀಕಿನಿಂದ ಪ್ಯಾಕಿನ ಎರಡೂ ಮುಖದಲ್ಲಿ ಶೇ. 85ರಷ್ಟು ಜಾಗ ಎಚ್ಚರಿಕೆಗೇ ಮೀಸಲು ಎಂಬ ನಿಯಮ ಜಾರಿಗೆ ಬಂತು. ಸಿಗರೇಟ್ ಕಂಪನಿಗಳು ಕೆಲ ಕಾಲ ಉತ್ಪಾದನೆ ನಿಲ್ಲಿಸಿದವು. ನಮ್ಮ ಕಡೆ ಆಗ ಹೊಗೆಸೊಪ್ಪಿನ ಸಸಿ ಮಡಿಯಲ್ಲಿತ್ತು. ಮುಂಗಾರಿಗೆ ಮೊದಲಿನ ಮಳೆಗೆ ನಾಟಿ ಆಗಬೇಕು. ಬೇಲು ಕಟ್ಟಿ ಹರಾಜಿಗೆ ಒಯ್ಯುವ ಹೊತ್ತಿಗೆ ಕೊಳ್ಳುವವರು ಇರ್ತಾರೋ ಇಲ್ವೋ ಎಂಬ ಅನುಮಾನದಲ್ಲೇ ನಾವು ನಾಟಿ ಮಾಡಿದ್ದು.

ಎಚ್ಚರಿಕೆ ಚಿತ್ರವೇ ಬೇಡ ಎನ್ನುವವನು ನಾನಲ್ಲ. ಹೊಗೆ ಸೇದಿದರೆ ಆರೋಗ್ಯ ಕೆಡುತ್ತದೆ ಎನ್ನುವುದು ಬೆಳೆಯುವ ನಮಗೂ ಗೊತ್ತು. ನನ್ನ ಪ್ರಶ್ನೆ ಬೇರೆ. ಈ 85 ಎಂಬ ಅಂಕಿಯನ್ನು ಬರೆದವರು ಯಾರು? ನಾವು ವೋಟು ಹಾಕಿ ಕಳಿಸಿದ ಸಂಸತ್ತೋ, ಸರ್ಕಾರವೋ?

ಕಾಯ್ದೆ ಮಾಡಿದ್ದು ಸಂಸತ್ತು, 2003ರಲ್ಲಿ. ಪ್ಯಾಕಿನ ಮೇಲೆ ಎಚ್ಚರಿಕೆ ಇರಲೇಬೇಕು ಎಂದು ಅದರಲ್ಲಿದೆ. ಅದು ಎಷ್ಟು ದೊಡ್ಡದು, ಯಾವ ಚಿತ್ರ ಎಂಬ ವಿವರವನ್ನು ನಿಯಮ ಮಾಡಿ ಹೇಳುವ ಅಧಿಕಾರವನ್ನು ಕಾಯ್ದೆಯೇ ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಇದರಲ್ಲಿ ತಪ್ಪೇನಿಲ್ಲ. ಹಟ್ಟಿ ಕಟ್ಟು ಎಂದು ಯಜಮಾನ ಹೇಳ್ತಾನೆ, ಕಂಬ ಎಲ್ಲಿ ನೆಡಬೇಕು ಅಂತ ಗಾರೆಯವನು ನೋಡ್ಕೋತಾನೆ. 2008ರ ನಿಯಮದಲ್ಲಿ ಪ್ಯಾಕಿನ ಮುಂಭಾಗದ ಶೇ. 40 ಎಂದಿತ್ತು. 2014ರ ಅಕ್ಟೋಬರ್‌ನಲ್ಲಿ ಆರೋಗ್ಯ ಇಲಾಖೆ ಅದನ್ನು ತಿದ್ದಿ ಎರಡೂ ಮುಖಕ್ಕೆ ಶೇ. 85 ಮಾಡಿತು. ಕಾಯ್ದೆಯಲ್ಲಿ ಒಂದಕ್ಷರವೂ ಬದಲಾಗಲಿಲ್ಲ.

ಹಾಗಾದರೆ ಸಂಸತ್ತಿನ ಒಪ್ಪಿಗೆ? ನಮ್ಮಲ್ಲಿ ಬಹಳ ಜನಕ್ಕೆ ತಿಳಿಯದ ಸಂಗತಿ ಇಲ್ಲೇ ಇರುವುದು. ಇಂಥ ನಿಯಮವನ್ನು ಸಂಸತ್ತಿನ ಎರಡೂ ಸದನಗಳ ಮುಂದೆ, ಅವು ಸೇರಿರುವಾಗ, ಒಟ್ಟು 30 ದಿನ ಇಡಬೇಕು. ಎರಡೂ ಸದನ ಸೇರಿ ತಿದ್ದಿದರೆ ತಿದ್ದಿದಂತೆ, ಬೇಡವೆಂದರೆ ಅಲ್ಲಿಗೆ ರದ್ದು. ಯಾರೂ ಮಾತಾಡದಿದ್ದರೆ? ನಿಯಮ ಇದ್ದ ಹಾಗೇ ಇರುತ್ತೆ. ಅಂದರೆ ಒಪ್ಪಿಗೆ ಕೇಳಿ ಜಾರಿ ಮಾಡುವ ಪದ್ಧತಿ ಇದಲ್ಲ. ನಿಯಮ ಮಾಡಿ, ಆಮೇಲೆ ತೋರಿಸುವ ಪದ್ಧತಿ. ಮೌನವೇ ಒಪ್ಪಿಗೆ. ಸದನದಲ್ಲಿ ದಿನಾ ಬಂದು ಬೀಳುವ ಕಾಗದದ ರಾಶಿಯಲ್ಲಿ ಒಂದು ನಿಯಮವನ್ನು ಹೆಕ್ಕಿ ಓದುವ ಸಂಸದರು ಎಷ್ಟು ಮಂದಿ ಇದ್ದಾರು, ನೀವೇ ಹೇಳಿ.

ಇದನ್ನು ನೋಡೋದಕ್ಕೇ ಲೋಕಸಭೆಯಲ್ಲಿ ಒಂದು ಸಮಿತಿ ಇದೆ, ಅಧೀನ ಶಾಸನ ಸಮಿತಿ ಅಂತ. ಶೇ. 85ರ ನಿಯಮ 2015ರ ಏಪ್ರಿಲ್‌ಗೇ ಜಾರಿಯಾಗಬೇಕಿತ್ತು. ಈ ಸಮಿತಿ ತಡೆಯಿರಿ ಎಂದ ಮೇಲೆ ಸರ್ಕಾರ ಮುಂದಕ್ಕೆ ಹಾಕಿತು. 2016ರ ಮಾರ್ಚ್‌ನಲ್ಲಿ ಸಮಿತಿ ವರದಿ ಕೊಟ್ಟು, ಸಿಗರೇಟ್ ಪ್ಯಾಕಿಗೆ ಎರಡೂ ಕಡೆ ಶೇ. 50 ಸಾಕು ಎಂದಿತು. ಆದರೆ ಸಮಿತಿಯದು ಶಿಫಾರಸು ಮಾತ್ರ, ಅದಕ್ಕೆ ಸರ್ಕಾರ ಕಟ್ಟುಬೀಳಬೇಕಾಗಿಲ್ಲ. ಏಪ್ರಿಲ್ 1ಕ್ಕೆ ಶೇ. 85 ಜಾರಿಯಾಗಿಯೇ ಬಿಟ್ಟಿತು.

ಉಳಿದದ್ದು ಕೋರ್ಟಿನ ಬಾಗಿಲು. ಬೇರೆ ಬೇರೆ ರಾಜ್ಯಗಳ ಹೈಕೋರ್ಟುಗಳಲ್ಲಿದ್ದ ಕೇಸುಗಳನ್ನೆಲ್ಲ ಸುಪ್ರೀಂ ಕೋರ್ಟು 2016ರ ಮೇ ತಿಂಗಳಲ್ಲಿ ನಮ್ಮ ಕರ್ನಾಟಕ ಹೈಕೋರ್ಟಿಗೇ ಕಳಿಸಿತು. ನ್ಯಾಯಮೂರ್ತಿಗಳಾದ ಬಿ.ಎಸ್. ಪಾಟೀಲ ಮತ್ತು ಬಿ.ವಿ. ನಾಗರತ್ನ ಅವರ ಪೀಠ 2017ರ ಡಿಸೆಂಬರ್ 15ರಂದು ತೀರ್ಪು ಕೊಟ್ಟು, 2014ರ ನಿಯಮವನ್ನು ರದ್ದು ಮಾಡಿತು. ಸಮಾನತೆ ಮತ್ತು ವ್ಯಾಪಾರದ ಹಕ್ಕುಗಳಿಗೆ, ಅಂದರೆ ಸಂವಿಧಾನದ 14 ಮತ್ತು 19ನೇ ವಿಧಿಗಳಿಗೆ, ಅದು ವಿರುದ್ಧ ಎಂದಿತು. ಆರೋಗ್ಯ ಇಲಾಖೆ ಇಂಥ ನಿಯಮವನ್ನು ತಾನೊಂದೇ ಮಾಡಬಹುದೇ ಎಂಬುದರಲ್ಲಿ ಮಾತ್ರ ಇಬ್ಬರ ಅಭಿಪ್ರಾಯ ಬೇರೆಯಾಯಿತು.

ಆಗ ಊರಲ್ಲೆಲ್ಲ 'ಕೋರ್ಟು ಚಿತ್ರ ತೆಗೆಸಿತು' ಎಂದು ಸುದ್ದಿ. ಹಾಗಲ್ಲ. ಕಾಯ್ದೆ ಹಾಗೇ ಉಳಿಯಿತು, ಹಳೆಯ ಶೇ. 40ರ ನಿಯಮಕ್ಕೆ ಜೀವ ಬಂತು, ಬೇಕಾದರೆ ಸರ್ಕಾರ ಹೊಸ ನಿಯಮ ಮಾಡಲಿ ಎಂದೂ ಕೋರ್ಟು ಹೇಳಿತು. ಅಧಿಕಾರ ಇಲ್ಲ ಅನ್ನೋದು ಬೇರೆ, ಇರುವ ಅಧಿಕಾರವನ್ನು ಸರಿಯಾಗಿ ಬಳಸಿಲ್ಲ ಅನ್ನೋದು ಬೇರೆ. ಆ ತೀರ್ಪಿನ ಆಯಸ್ಸೂ ಒಂದು ತಿಂಗಳು ತುಂಬಲಿಲ್ಲ. 2018ರ ಜನವರಿ 8ರಂದು ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟಿತು. ಪ್ಯಾಕಿನ ಮೇಲೆ ಇವತ್ತೂ ಶೇ. 85 ಇದೆ.

ಇದೇ ಜಗಳ ಲಂಡನ್ನಿನಲ್ಲೂ ನಡೆದಿದೆ. ಐರೋಪ್ಯ ಒಕ್ಕೂಟ ಬಿಡುವ ನೋಟೀಸನ್ನು ಸರ್ಕಾರ ತಾನೇ ಕೊಡುವಂತಿಲ್ಲ, ಪಾರ್ಲಿಮೆಂಟಿನ ಒಪ್ಪಿಗೆ ಬೇಕು ಎಂದು 2016ರ ನವೆಂಬರ್‌ನಲ್ಲಿ ಅಲ್ಲಿನ ಹೈಕೋರ್ಟು ಹೇಳಿತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಪಾರ್ಲಿಮೆಂಟು ಕಾಯ್ದೆ ಮಾಡಿ ಜನರಿಗೆ ಕೊಟ್ಟದ್ದನ್ನು ಸರ್ಕಾರ ತಾನಾಗಿ ಕಿತ್ತುಕೊಳ್ಳುವಂತಿಲ್ಲ ಎಂಬುದು ತಿರುಳು. ನಮ್ಮಲ್ಲಿ ಮೂರು ಕೃಷಿ ಕಾಯ್ದೆಗಳ ಕತೆ ನೋಡಿ. ವಾಪಸ್ ಪಡೀತೀವಿ ಅಂತ ಪ್ರಧಾನಿ ಹೇಳಿದ್ದು 2021ರ ನವೆಂಬರ್ 19ಕ್ಕೆ. ಆದರೂ ನವೆಂಬರ್ 29ರಂದು ಎರಡೂ ಸದನಗಳಲ್ಲಿ ಅದಕ್ಕಾಗಿಯೇ ಮಸೂದೆ ತಂದು ಪಾಸು ಮಾಡಿಸಬೇಕಾಯಿತು. ಕಾಯ್ದೆ ಕೀಳಬೇಕಾದರೆ ಸದನಕ್ಕೇ ಹೋಗಬೇಕು. ನಿಯಮಕ್ಕೆ ಇಲಾಖೆಯ ಒಂದು ಅಧಿಸೂಚನೆ ಸಾಕು.

ಈಗ ನಮ್ಮ ತಂಬಾಕು ಮಂಡಳಿಗೆ ಬನ್ನಿ. 1975ರ ಕಾಯ್ದೆಯಿಂದ ಹುಟ್ಟಿದ್ದು. ಬೆಳೆಗಾರನ ನೋಂದಣಿ, ಬ್ಯಾರನ್ ಲೈಸೆನ್ಸು, ವರ್ಜೀನಿಯಾ ಸೊಪ್ಪನ್ನು ಹರಾಜು ಕಟ್ಟೆಯಲ್ಲೇ ಮಾರಬೇಕು ಎನ್ನುವುದು, ಇವುಗಳ ಬೇರು ಕಾಯ್ದೆಯಲ್ಲೇ ಇದೆ. ಆದರೆ ಈ ವರ್ಷ ಎಷ್ಟು ಬೆಳೆಯಬೇಕು, ಹೆಚ್ಚಾದ ಸೊಪ್ಪಿಗೆ ಹಾಕುವ ದಂಡ ಬಿಡುವುದೋ ಬೇಡವೋ ಎಂಬ ತೀರ್ಮಾನ ಬರೋದು ಮಂಡಳಿ ಮತ್ತು ಸರ್ಕಾರದ ಆದೇಶದಲ್ಲಿ. ಅದಕ್ಕೇ ದಂಡ ಮನ್ನಾ ಕೇಳಲು ನಮ್ಮ ಮುಖಂಡರು ವಾಣಿಜ್ಯ ಸಚಿವರ ಬಳಿ ಹೋಗೋದು. ಅಲ್ಲಿಗೆ ಹೋಗೋದೇ ಸರಿ, ಇದು ಸದನದಲ್ಲಿ ತೀರ್ಮಾನ ಆಗುವ ವಿಷಯ ಅಲ್ಲ.

ಹೊಸದೇನಾದರೂ ಬಂತು ಅಂತ ಕೇಳಿದರೆ ಮೊದಲು ಆ ಕಾಗದ ತರಿಸಿ ನೋಡಿ. ಯಾವ ಕಾಯ್ದೆಯ ಯಾವ ಕಲಂ ಪ್ರಕಾರ ಎಂದು ಮೇಲೆಯೇ ಬರೆದಿರುತ್ತೆ. ಕರಡು ನಿಯಮವಾದರೆ ಆಕ್ಷೇಪಣೆಗೆ ಇಂತಿಷ್ಟು ದಿನ ಎಂದು ಅದರಲ್ಲೇ ಇರುತ್ತೆ; ಸಂಘದ ಲೆಟರ್‌ಹೆಡ್ಡಿನಲ್ಲಿ ಬರೆದು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀತಿ ಇಟ್ಟುಕೊಳ್ಳಿ. ನಿಯಮ ಆಗಿಬಿಟ್ಟಿದ್ದರೆ ಸದನದ ಮುಂದಿರುವ ಆ 30 ದಿನದೊಳಗೆ ನಮ್ಮ ಸಂಸದರ ಕೈಗೂ, ಅಧೀನ ಶಾಸನ ಸಮಿತಿಗೆಂದು ಲೋಕಸಭೆಯ ಸಚಿವಾಲಯಕ್ಕೂ ಒಂದೊಂದು ಪ್ರತಿ ಮುಟ್ಟಿಸಿ. ಬೇಲು ಕಟ್ಟುವ ಕಾಲದಲ್ಲಿ ಇದಕ್ಕೆಲ್ಲ ಪುರುಸೊತ್ತೆಲ್ಲಿ ಎನ್ನುತ್ತೀರಿ. ಪ್ರತಿ ಸಂಘದಲ್ಲೂ ಕಾಲೇಜು ಓದಿದ ಹುಡುಗ ಹುಡುಗಿಯರು ಒಬ್ಬಿಬ್ಬರು ಸಿಕ್ಕೇ ಸಿಗ್ತಾರೆ, ಈ ಕೆಲಸ ಅವರಿಗೆ ವಹಿಸಿ.