ಘಾಟಿಯ ತೆಳುಗಾಳಿಯಲ್ಲಿ ಹಳೆಯ ಸ್ಪೋರ್ಟ್ಸ್ ಕಾರು

ಭದ್ರಾ ಅಣೆಕಟ್ಟೆಯ ಊರಾದ ಲಕ್ಕವಳ್ಳಿಯಿಂದ ತರೀಕೆರೆಗೆ ಬಂದು, ಲಿಂಗದಹಳ್ಳಿ, ಕಲ್ಲತ್ತಿಗಿರಿಗಳನ್ನು ಹಾದು ಕೆಮ್ಮಣ್ಣುಗುಂಡಿಗೆ ಹತ್ತುವ ದಾರಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ ಆರಂಭವಾಗಿ 1,434 ಮೀಟರ್‌ಗೆ ಮುಟ್ಟುತ್ತದೆ. ಅಷ್ಟು ಏರುವುದರೊಳಗೆ ಗಾಳಿಯ ಸಾಂದ್ರತೆ ಶೇ 8ರಷ್ಟು ಇಳಿದಿರುತ್ತದೆ. ಮಂಗಳೂರಿನ ಕಡಲ ಮಟ್ಟವನ್ನೂ ಸುಮಾರು 1,925 ಮೀಟರ್ ಎತ್ತರದ ಮುಳ್ಳಯ್ಯನಗಿರಿಯನ್ನೂ ಹೋಲಿಸಿದರೆ ಈ ಕೊರತೆ ಶೇ 17ರ ಆಸುಪಾಸಿಗೆ ಹೋಗುತ್ತದೆ. ಇಂದಿನ ಕಾರುಗಳ ಚಾಲಕರ ಅರಿವಿಗೆ ಇದು ಅಷ್ಟಾಗಿ ಬಾರದು. ಆದರೆ ಎಂಜಿಬಿ, ಟ್ರಯಂಫ್‌ನಂತಹ, ಐದಾರು ದಶಕಗಳ ಹಿಂದಿನ ಸ್ಪೋರ್ಟ್ಸ್ ಕಾರುಗಳು ಇಂತಹ ಏರಿನಲ್ಲಿ ಪಿಕಪ್ ಕಳೆದುಕೊಂಡು ಕಪ್ಪು ಹೊಗೆ ಉಗುಳತೊಡಗುತ್ತವೆ. ಫ್ಯುಯೆಲ್ ಇಂಜೆಕ್ಷನ್ ಅಥವಾ ಟರ್ಬೊ ಅಳವಡಿಸಿದರೆ ಹೇಗೆ ಎಂಬ ಆಲೋಚನೆ ಅವುಗಳ ಮಾಲೀಕರಲ್ಲಿ ಮೂಡುವುದು ಸಹಜ.

ತೊಂದರೆಯ ಮೂಲ ಕಾರ್ಬೊರೇಟರ್, ಅಂದರೆ ಗಾಳಿಯ ಸೆಳೆತದಿಂದಲೇ ಪೆಟ್ರೋಲನ್ನು ಮೇಲೆಳೆದು ಬೆರೆಸುವ ಸಾಧನ. ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳಲ್ಲಿ ಜೋಡಿಯಾಗಿ ಇರುತ್ತಿದ್ದ, ನಮ್ಮ ಅಂಬಾಸಿಡರ್ ಕಾರುಗಳ ಮೂಲಕ ಇಲ್ಲಿನ ಮೆಕ್ಯಾನಿಕ್‌ಗಳಿಗೂ ಚಿರಪರಿಚಿತವಾದ ಎಸ್‌ಯು ಕಾರ್ಬೊರೇಟರಿನ ಮೇಲ್ಭಾಗದ ಗಂಟೆಯಾಕಾರದ ಮುಚ್ಚಳವನ್ನು ತೆಗೆದರೆ, ಒಳಗೆ ಎಣ್ಣೆಯ ತಡೆಯೊಂದಿಗೆ ಮೇಲೆ ಕೆಳಗೆ ಆಡುವ ಪಿಸ್ಟನ್ನೂ, ಅದರ ತಳಕ್ಕೆ ಸಿಕ್ಕಿಸಿದ, ತುದಿಯ ಕಡೆಗೆ ಸಣ್ಣದಾಗುತ್ತ ಹೋಗುವ ಹಿತ್ತಾಳೆಯ ಸೂಜಿಯೂ ಕಾಣುತ್ತವೆ. ಎಂಜಿನ್ ಹೆಚ್ಚು ಗಾಳಿ ಎಳೆದಷ್ಟೂ ಪಿಸ್ಟನ್ ಮೇಲೇರಿ, ಸೂಜಿ ಜೆಟ್ಟಿನಿಂದ ಹೊರಬಂದು, ಪೆಟ್ರೋಲಿನ ದಾರಿ ಅಗಲವಾಗುತ್ತದೆ. ಇಷ್ಟು ಚೊಕ್ಕವಾದ ಯಂತ್ರಕ್ಕೂ ಒಂದು ಕುರುಡುತನವಿದೆ: ಅದು ಗಾಳಿಯ ಹರಿವನ್ನು ಗ್ರಹಿಸುತ್ತದೆಯೇ ಹೊರತು ಅದರ ತೂಕವನ್ನಲ್ಲ. ಸಾಂದ್ರತೆ ಶೇ 17ರಷ್ಟು ಇಳಿದಾಗ, ವರ್ಗಮೂಲದ ಲೆಕ್ಕದಂತೆ, ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಬೇಕಾದುದಕ್ಕಿಂತ ಶೇ 10ರಷ್ಟು ಹೆಚ್ಚಾಗಿಬಿಡುತ್ತದೆ. ಆದ್ದರಿಂದ ಘಾಟಿಯಲ್ಲಿ ಇಂತಹ ಕಾರು ಎರಡು ನಷ್ಟಗಳನ್ನು ಒಟ್ಟಿಗೆ ಅನುಭವಿಸುತ್ತದೆ. ಒಂದು ಗಾಳಿಯ ಕೊರತೆ, ಇನ್ನೊಂದು ಅಳತೆಯ ತಪ್ಪು. ಇಂಜೆಕ್ಷನ್ ಎರಡನೆಯದನ್ನು ಮಾತ್ರ ಸರಿಪಡಿಸುತ್ತದೆ, ಟರ್ಬೊ ಮೊದಲನೆಯದನ್ನು. ಈ ಎರಡು ರೋಗಗಳನ್ನು ಬೇರ್ಪಡಿಸಿ ನೋಡದೆ ಹಣ ಸುರಿಯುವವರೇ ಹೆಚ್ಚು.

ಇಂಜೆಕ್ಷನ್ ಎಂದರೆ ಪಂಪಿನ ಒತ್ತಡದಿಂದ ಇಂಧನವನ್ನು ಅಳೆದು ಚಿಮ್ಮಿಸುವುದು. ಡೀಸೆಲ್ ಗಾಡಿಗಳ ಮಟ್ಟಿಗೆ ಇದು ಕನ್ನಡನಾಡಿಗೆ ಹೊಸದೇನಲ್ಲ. 1951ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಗಿ, 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ಮೈಕೊ ಕಂಪನಿಯ ಪಂಪು, ನಾಜಲ್‌ಗಳನ್ನು ಲಾರಿ, ಟ್ರ್ಯಾಕ್ಟರ್ ರಿಪೇರಿಯವರು ತಲೆಮಾರುಗಳಿಂದ ಬಲ್ಲರು. ಪೆಟ್ರೋಲ್ ಸ್ಪೋರ್ಟ್ಸ್ ಕಾರಿನಲ್ಲಿ ಅದೇ ಬಾಷ್‌ನ ಯಾಂತ್ರಿಕ ಇಂಜೆಕ್ಷನ್ 1954ರ ಮರ್ಸಿಡಿಸ್ 300 ಎಸ್‌ಎಲ್ ಮೂಲಕ ಹೆಸರಾಯಿತು. ಬ್ರಿಟನ್ನಿನ ಟ್ರಯಂಫ್ ಟಿಆರ್5 ಲೂಕಾಸ್ ಇಂಜೆಕ್ಷನ್ ಪಡೆದರೂ ಅದರ ಪಂಪು ಕಾದು ಪೆಟ್ರೋಲ್ ಆವಿಯಾಗುವ ಕಾಟಕ್ಕೆ ಬೇಸತ್ತ ಎಷ್ಟೋ ಮಾಲೀಕರು ಅದನ್ನು ಕಿತ್ತು ಕಾರ್ಬೊರೇಟರಿಗೇ ಮರಳಿದರು ಎಂಬುದನ್ನು, ಇಂದು ಕಾರ್ಬೊರೇಟರ್ ಕೀಳಲು ಹೊರಟವರು ನೆನಪಿಡುವುದು ಒಳ್ಳೆಯದು. ನಿಜವಾದ ತಿರುವು 1967ರಲ್ಲಿ, ಒಳಹರಿವಿನ ಕೊಳವೆಯ ಒತ್ತಡವನ್ನು ಸೆನ್ಸರ್‌ನಿಂದ ಅಳೆಯುವ ಬಾಷ್‌ನ ಎಲೆಕ್ಟ್ರಾನಿಕ್ ವ್ಯವಸ್ಥೆ ಫೋಕ್ಸ್‌ವ್ಯಾಗನ್ ಕಾರುಗಳಿಗೆ ಬಂದಾಗ ಆಯಿತು. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣಿನ ದಾರಿಗಳಲ್ಲಿ ನಡೆಯುವ ರ‍್ಯಾಲಿಗಳಿಂದ ಜನರಿಗೆ ಪರಿಚಿತವಾದ ಮಾರುತಿ ಜಿಪ್ಸಿ 2000ದಲ್ಲಿ ಕಾರ್ಬೊರೇಟರ್ ಬಿಟ್ಟು ಇಂಜೆಕ್ಷನ್‌ಗೆ ಬಂದಾಗ ಅದರ ಶಕ್ತಿ ಸುಮಾರು 60ರಿಂದ 80 ಅಶ್ವಶಕ್ತಿಗೆ ಏರಿತು. ಆದರೆ ಎಂಟು ವಾಲ್ವುಗಳ ಹೆಡ್ ಹೋಗಿ ಹದಿನಾರರದ್ದು ಬಂದದ್ದೂ ಆಗಲೇ ಆದುದರಿಂದ, ಹೆಚ್ಚಳವನ್ನೆಲ್ಲ ಇಂಜೆಕ್ಷನ್ ಲೆಕ್ಕಕ್ಕೆ ಬರೆಯುವಂತಿಲ್ಲ.

ಹಳೆಯ ಕಾರಿಗೆ ಇದನ್ನು ಕೂರಿಸುವ ಕೆಲಸ ಕಾರ್ಬೊರೇಟರ್ ಬಿಚ್ಚಿದ ಜಾಗದಲ್ಲಿ ಮುಗಿಯುವುದಿಲ್ಲ. ಕಾರ್ಬೊರೇಟರಿಗೆ 0.2 ಬಾರ್ ಸುಮಾರಿನ ಒತ್ತಡದಲ್ಲಿ ಪೆಟ್ರೋಲ್ ಬಂದರೆ ಸಾಕು, ಇಂಜೆಕ್ಟರಿಗೆ 3 ಬಾರ್ ಬೇಕು. ಹಾಗಾಗಿ ವಿದ್ಯುತ್ ಪಂಪು, ಆ ಒತ್ತಡ ತಾಳುವ ಪೈಪು, ಉಳಿದ ಪೆಟ್ರೋಲ್ ಟ್ಯಾಂಕಿಗೆ ಹಿಂತಿರುಗುವ ಇನ್ನೊಂದು ಕೊಳವೆ ಇವೆಲ್ಲ ಹೊಸದಾಗಿ ಬರಬೇಕು. ಘಾಟಿಯ ತಿರುವಿನಲ್ಲಿ ಅರೆಖಾಲಿ ಟ್ಯಾಂಕಿನ ಪೆಟ್ರೋಲ್ ಒಂದು ಬದಿಗೆ ಸರಿದಾಗ ಪಂಪು ಗಾಳಿ ಹೀರದಂತೆ ನಡುವೆ ಸಣ್ಣದೊಂದು ಸಂಗ್ರಹ ಡಬ್ಬಿ ಇರಬೇಕು. ಎಂಜಿನ್ ಯಾವ ಕ್ಷಣದಲ್ಲಿ ಎಲ್ಲಿ ತಿರುಗುತ್ತಿದೆ ಎಂದು ತಿಳಿಸಲು ಕ್ರ್ಯಾಂಕ್ ಪುಲ್ಲಿಗೆ ಹಲ್ಲಿನ ಚಕ್ರ, ಹೊಗೆಯಲ್ಲಿ ಉಳಿದ ಆಮ್ಲಜನಕ ನೋಡಲು ಸೈಲೆನ್ಸರ್ ಕೊಳವೆಗೆ ಲ್ಯಾಂಬ್ಡಾ ಸೆನ್ಸರ್, ಇವುಗಳ ಮಾತು ಕೇಳಿ ಇಂಜೆಕ್ಟರ್ ಎಷ್ಟು ಹೊತ್ತು ತೆರೆಯಬೇಕೆಂದು ನಿರ್ಧರಿಸುವ ಇಸಿಯು ಪೆಟ್ಟಿಗೆ ಸೇರುತ್ತವೆ. ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ವಿದ್ಯುತ್ತು: 1960ರ ದಶಕದ ಮಧ್ಯದವರೆಗಿನ ಅನೇಕ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪ್ಲಸ್ ತುದಿಯೇ ಬಾಡಿಗೆ ಅರ್ಥ್ ಆಗಿರುತ್ತದೆ, ಡೈನಮೊ ಐಡ್ಲಿಂಗ್‌ನಲ್ಲಿ ಏನೂ ಕೊಡುವುದಿಲ್ಲ, ಅದನ್ನು ಆಲ್ಟರ್ನೇಟರಿಗೂ ಮೈನಸ್ ಅರ್ಥಿಗೂ ಬದಲಿಸದೆ ಇಸಿಯು ಜೋಡಿಸಿದರೆ ಅದು ಮೊದಲ ದಿನವೇ ಸುಡುತ್ತದೆ.

ಇಷ್ಟೆಲ್ಲ ಖರ್ಚಿಗೆ ಎತ್ತರದ ಜೊತೆಗೆ ಇನ್ನೊಂದು ಸಮರ್ಥನೆಯೂ ಈಚೆಗೆ ಹುಟ್ಟಿದೆ. ಶೇ 20 ಎಥೆನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ದೊರೆಯಿತು. ಶುದ್ಧ ಪೆಟ್ರೋಲ್ ಒಂದು ಕಿಲೋ ಉರಿಯಲು 14.7 ಕಿಲೋ ಗಾಳಿ ಬೇಕಾದರೆ ಈ ಮಿಶ್ರಣಕ್ಕೆ 13.5 ಕಿಲೋ ಸಾಕು, ಅಂದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಕು. ಹಳೆಯ ಅಳತೆಯ ಜೆಟ್ಟು ಅದನ್ನು ಕೊಡಲಾರದು. ಬಯಲಿನಲ್ಲಿ ಮಿಶ್ರಣ ತೆಳುವಾಗಿ ಎಂಜಿನ್ ಕಾಯುತ್ತದೆ, ಬೆಟ್ಟದ ಮೇಲೆ ಅದೇ ದಪ್ಪವಾಗುತ್ತದೆ. ಲ್ಯಾಂಬ್ಡಾ ಸೆನ್ಸರ್ ಇರುವ ವ್ಯವಸ್ಥೆ ಎರಡೂ ಕಡೆ ತಾನೇ ಸರಿಹೊಂದಿಕೊಳ್ಳುತ್ತದೆ. ಟ್ಯಾಂಕಿನಿಂದ ಬರುವ ಹಳೆಯ ರಬ್ಬರ್ ಹೋಸುಗಳನ್ನು ಎಥೆನಾಲ್ ತಿನ್ನುವುದನ್ನು ಮಾತ್ರ ಯಾವ ಸೆನ್ಸರೂ ತಡೆಯದು.

ಇನ್ನು ಗಾಳಿಯನ್ನು ಒತ್ತಿ ತುಂಬುವ ಮಾತು. ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಗಾಳಿಯಂತ್ರ ಸೂಪರ್‌ಚಾರ್ಜರ್, ಹೊರಬೀಳುವ ಹೊಗೆಯ ರಭಸದಿಂದ ತಿರುಗುವುದು ಟರ್ಬೊ. 1930ರ ಲೆ ಮಾನ್ 24 ಗಂಟೆಗಳ ಓಟದಲ್ಲಿ ಓಡಿದ ಎರಡೂ ಸೂಪರ್‌ಚಾರ್ಜ್ಡ್ ಬೆಂಟ್ಲಿಗಳು ನಡುವೆಯೇ ಕೈಕೊಟ್ಟವು, ಗೆದ್ದದ್ದು ಅದೇ ಕಂಪನಿಯ ಸೂಪರ್‌ಚಾರ್ಜರ್ ಇಲ್ಲದ ಸ್ಪೀಡ್ ಸಿಕ್ಸ್. ಒತ್ತಿದ ಗಾಳಿ ಕಾಯುತ್ತದೆ, ಕಾದ ಮಿಶ್ರಣ ಕಿಡಿಯ ಜ್ವಾಲೆಗೆ ಕಾಯದೆ ಸಿಡಿಯುತ್ತದೆ; ಮೆಕ್ಯಾನಿಕ್‌ಗಳು ನಾಕಿಂಗ್ ಎನ್ನುವ ಈ ಬಡಿತ ಪಿಸ್ಟನ್ನಿನ ತಲೆಯನ್ನೇ ತೂತು ಮಾಡಬಲ್ಲದು. 1962ರ ಅಮೆರಿಕದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಇದನ್ನು ತಡೆಯಲು ನೀರು, ಮೆಥನಾಲ್ ಮಿಶ್ರಣದ ಪ್ರತ್ಯೇಕ ಟ್ಯಾಂಕನ್ನೇ ಹೊತ್ತು ತಿರುಗಿತು. 1973ರ ಬಿಎಂಡಬ್ಲ್ಯು 2002 ಟರ್ಬೊದಲ್ಲಿ ಕಂಪ್ರೆಶನ್ ಅನುಪಾತವನ್ನು 6.9:1ಕ್ಕೆ ಇಳಿಸಿದ್ದರು. ಎಂಜಿಬಿಯ ಅನುಪಾತ 8.8:1, 1964ರವರೆಗಿನ ಅದರ ಕ್ರ್ಯಾಂಕಿಗೆ ಮೂರೇ ಬೇರಿಂಗ್. ಅಂತಹ ಎಂಜಿನ್ನಿಗೆ ಅರ್ಧ ಬಾರ್ ಒತ್ತಡ ಕೊಡಬೇಕೆಂಬ ಹಟ ಅವಿವೇಕವೇ ಸರಿ.

ಆದರೆ ಮಲೆನಾಡಿನ ಅಗತ್ಯ ಅಷ್ಟು ದೊಡ್ಡದಲ್ಲ. ಮುಳ್ಳಯ್ಯನಗಿರಿಯ ಎತ್ತರದಲ್ಲಿ ವಾಯುಮಂಡಲದ ಒತ್ತಡ ಕಡಲ ಮಟ್ಟಕ್ಕಿಂತ ಕಡಿಮೆಯಾಗಿರುವುದು ಸುಮಾರು 0.2 ಬಾರ್, ಅಂದರೆ ಟೈರಿಗೆ ಗಾಳಿ ಹಿಡಿಯುವವರ ಲೆಕ್ಕದಲ್ಲಿ 3 ಪೌಂಡ್ ಮಾತ್ರ. ಬೆಟ್ಟ ಕಿತ್ತುಕೊಂಡ ಈ 3 ಪೌಂಡನ್ನು ಮರಳಿ ಕೊಟ್ಟರೆ ಕಾರು ತಯಾರಕರು ಎಣಿಸಿದ ಶಕ್ತಿಯ ಹತ್ತಿರಕ್ಕೆ ಬರುತ್ತದೆ, ಎಂಜಿನ್ನಿನ ಮೇಲೆ ಹೊಸ ಭಾರವೂ ಅಷ್ಟಾಗಿ ಬೀಳುವುದಿಲ್ಲ. ತೊಡಕಿರುವುದು ನಿಯಂತ್ರಣದಲ್ಲಿ. ಬೆಲ್ಟಿನ ಸೂಪರ್‌ಚಾರ್ಜರ್ ಹೊರಗಾಳಿಯನ್ನು ನಿಗದಿತ ಪಟ್ಟು ಹೆಚ್ಚಿಸುವುದರಿಂದ, ಬೇಡದ ಬಯಲಿನಲ್ಲಿ ಹೆಚ್ಚನ್ನೂ ಬೇಕಾದ ಬೆಟ್ಟದಲ್ಲಿ ಕಡಿಮೆಯನ್ನೂ ಕೊಡುತ್ತದೆ. ಟರ್ಬೊದ ಹೆಚ್ಚುವರಿ ಹೊಗೆಯನ್ನು ಬದಿಗೆ ಬಿಡುವ ವೇಸ್ಟ್‌ಗೇಟಿನ ಬರೀ ಸ್ಪ್ರಿಂಗು ಕೂಡ ಹೊರಗಿನ ಒತ್ತಡಕ್ಕೆ ಹೋಲಿಸಿಯೇ ತೆರೆಯುತ್ತದೆ. ಒಟ್ಟು ಒತ್ತಡವನ್ನು ಅಳೆದು ವೇಸ್ಟ್‌ಗೇಟನ್ನು ಆಡಿಸುವ ಇಸಿಯು ಇದ್ದರಷ್ಟೇ ಎತ್ತರಕ್ಕೆ ತಕ್ಕ ಪರಿಹಾರ ಸಾಧ್ಯ. ಹಾಗಾಗಿ ಘಾಟಿಯ ಕಾರಿಗೆ ಇಂಜೆಕ್ಷನ್ ಇಲ್ಲದ ಟರ್ಬೊ ಅರ್ಥಹೀನ.

ಕೊನೆಗೆ ಕಾನೂನು. ಐವತ್ತು ವರ್ಷ ದಾಟಿದ ವಾಹನಗಳಿಗೆ 2021ರ ಜುಲೈಯಲ್ಲಿ ಬಂದ ವಿಂಟೇಜ್ ನೋಂದಣಿ ನಿಯಮ, ಕಾರು ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ ಅಥವಾ ಎಂಜಿನ್ನನ್ನು ಗಣನೀಯವಾಗಿ ಮಾರ್ಪಡಿಸಿರಬಾರದು ಎನ್ನುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ‘ವಿಎ’ ಅಕ್ಷರಗಳಿರುವ ನಂಬರು; ಆ ನಂಬರಿನ ಕಾರು ಪ್ರದರ್ಶನ, ವಿಂಟೇಜ್ ರ‍್ಯಾಲಿ, ರಿಪೇರಿಯಂತಹ ಕೆಲಸಗಳಿಗಲ್ಲದೆ ದಿನನಿತ್ಯ ರಸ್ತೆಗಿಳಿಯುವಂತಿಲ್ಲ. 1970ರ ದಶಕದ ಮೊದಲರ್ಧದ ಕಾರುಗಳೆಲ್ಲ ಈಗ ಈ ವಯಸ್ಸಿಗೆ ಬಂದಿವೆ. ಸಾಮಾನ್ಯ ಆರ್‌ಸಿಯಲ್ಲೇ ಉಳಿಯುವವರಿಗೂ ಆರ್‌ಸಿಯ ವಿವರ ಬದಲಾಗುವಂತಹ ಮಾರ್ಪಾಡನ್ನು ತಡೆಯುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದ್ದೇ ಇದೆ. ಹೀಗಾಗಿ ಒಳಹರಿವಿನ ಕೊಳವೆಯನ್ನು (ಮ್ಯಾನಿಫೋಲ್ಡ್) ಕೊರೆಯದೆ, ಕಾರ್ಬೊರೇಟರಿನ ಜಾಗದಲ್ಲಿ ಬೋಲ್ಟಿನಿಂದಷ್ಟೇ ಕೂರುವ, ಇಂಜೆಕ್ಟರ್ ಇರುವ ಥ್ರಾಟಲ್ ಬಾಡಿಯನ್ನು ಆರಿಸಿ, ಆರ್‌ಟಿಒ ಕಚೇರಿಯಲ್ಲಿ ಮೊದಲೇ ವಿಚಾರಿಸಿ, ಬಿಚ್ಚಿದ ಎಸ್‌ಯು ಜೋಡಿಯನ್ನು ಸೂಜಿ, ಜೆಟ್ಟುಗಳ ಸಮೇತ ತೆಗೆದಿಡುವವರು, ನಾಳೆ ವಿಂಟೇಜ್ ಅರ್ಜಿ ಹಾಕುವ ಮನಸ್ಸಾದರೆ ಒಂದೆರಡು ದಿನದ ಕೆಲಸದಲ್ಲಿ ಕಾರನ್ನು ಮೊದಲಿನಂತೆ ಮಾಡಿಕೊಳ್ಳಬಹುದು. ಪಿಸ್ಟನ್ ಬದಲಿಸಿ, ಎಂಜಿನ್ ಬೋರ್ ಮಾಡಿಸಿ ಟರ್ಬೊ ಹಾಕಿಸಿದವರಿಗೆ ಆ ದಾರಿ ಬಹುಮಟ್ಟಿಗೆ ಮುಚ್ಚಿದಂತೆಯೇ.