ಪಿಎಸ್‌ಎ 4 ದಾಟಿದರೆ ಪ್ರಾಸ್ಟೇಟ್ ಕ್ಯಾನ್ಸರ್ ಖಚಿತವೇ?

"ಪಿಎಸ್‌ಎ 4 ದಾಟಿದರೆ ಕ್ಯಾನ್ಸರ್ ಗ್ಯಾರಂಟಿ. ದಿನಾ ಟೊಮೆಟೊ ತಿಂದರೆ ಬರುವುದೇ ಇಲ್ಲ. ಎಲ್ಲ ಗಂಡಸರಿಗೂ ಕಳಿಸಿ." ಇಂಥ ಸಂದೇಶ ನಿಮಗೂ ಬಂದಿರಬಹುದು. ಇದರಲ್ಲಿ ನಿಜವೆಷ್ಟು ಎಂದು ನೋಡೋಣ.

ಪ್ರಾಸ್ಟೇಟ್ ಎಂದರೇನು?
ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿ. ಚನ್ನಗಿರಿ ಕಡೆಯವರಿಗೆ ಹೇಳುವುದಾದರೆ, ಹೆಚ್ಚುಕಡಿಮೆ ಸುಲಿಯದ ಅಡಿಕೆಕಾಯಿಯಷ್ಟು. ವಯಸ್ಸಾದಂತೆ ಇದು ದೊಡ್ಡದಾಗಿ ಮೂತ್ರ ಕಟ್ಟಿದಂತಾಗುವುದು, ರಾತ್ರಿ ಪದೇಪದೇ ಏಳುವುದು ಸಾಮಾನ್ಯ. ಬಹುತೇಕ ಇದು ಕ್ಯಾನ್ಸರ್ ಅಲ್ಲ. ಆದರೆ ಆರಂಭದ ಕ್ಯಾನ್ಸರ್‌ಗೆ ಲಕ್ಷಣವೇ ಇರದಿರಬಹುದು.

ಪಿಎಸ್‌ಎ ಏನು ಹೇಳುತ್ತದೆ?
ಇದು ರಕ್ತಪರೀಕ್ಷೆ. ಗ್ರಂಥಿ ದೊಡ್ಡದಾದರೂ, ಸೋಂಕಾದರೂ ಪಿಎಸ್‌ಎ ಏರುತ್ತದೆ. ಅಮೆರಿಕದ ಅಂಕಿಅಂಶದಂತೆ 4ರಿಂದ 10ರ ನಡುವೆ ಇರುವ ನಾಲ್ವರಲ್ಲಿ ಸುಮಾರು ಒಬ್ಬರಿಗೆ ಮಾತ್ರ ಕ್ಯಾನ್ಸರ್ ಇರುತ್ತದೆ. ಖಚಿತವಾಗುವುದು ಬಯಾಪ್ಸಿಯಿಂದಲೇ.

ಟೊಮೆಟೊ, ಮಾತ್ರೆ ತಡೆಯುತ್ತವೆಯೇ?
ಟೊಮೆಟೊ ತಿನ್ನಿ, ತಪ್ಪೇನಿಲ್ಲ; ತಡೆಯುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ. 35,000ಕ್ಕೂ ಹೆಚ್ಚು ಗಂಡಸರ ಮೇಲೆ ನಡೆದ ಅಧ್ಯಯನದ 2011ರ ವರದಿಯಲ್ಲಿ, ವಿಟಮಿನ್ ಇ ಮಾತ್ರೆ ತಿಂದವರಿಗೆ ಈ ಕ್ಯಾನ್ಸರ್ ಶೇ 17ರಷ್ಟು ಹೆಚ್ಚೇ ಬಂದಿತ್ತು! ವೈದ್ಯರು ಹೇಳದೆ ಮಾತ್ರೆ ಬೇಡ.

ಹಾಗಾದರೆ ಎಲ್ಲರೂ ಪರೀಕ್ಷೆ ಮಾಡಿಸಬೇಕೇ?
ಇಲ್ಲ. ಕೆಲವು ಪ್ರಾಸ್ಟೇಟ್ ಕ್ಯಾನ್ಸರ್‌ಗಳು ಎಷ್ಟು ನಿಧಾನವೆಂದರೆ ಜೀವಕ್ಕೆ ತೊಂದರೆಯನ್ನೇ ಕೊಡುವುದಿಲ್ಲ. ಚಿಕಿತ್ಸೆಯಿಂದ ಮೂತ್ರ ಸೋರುವುದು, ಲೈಂಗಿಕ ತೊಂದರೆ ಆಗಬಹುದು. ಆದರೆ ಪರೀಕ್ಷೆಯಿಂದ ಕೆಲವರ ಜೀವ ಉಳಿಯುವುದೂ ನಿಜ. ಅದಕ್ಕೇ ಅಮೆರಿಕದ ತಜ್ಞರ ಸಮಿತಿ 2018ರಲ್ಲಿ, 55ರಿಂದ 69 ವರ್ಷದವರು ವೈದ್ಯರೊಡನೆ ಮಾತಾಡಿ ನಿರ್ಧರಿಸಲಿ, 70 ದಾಟಿದವರಿಗೆ ಸಾಮಾನ್ಯವಾಗಿ ಬೇಡ ಎಂದಿತು. ಅಪ್ಪ ಅಥವಾ ಅಣ್ಣತಮ್ಮಂದಿರಿಗೆ ಈ ಕ್ಯಾನ್ಸರ್ ಬಂದಿದ್ದರೆ ಅಪಾಯ ಸುಮಾರು ಎರಡು ಪಟ್ಟು. ಅಂಥವರು ಇನ್ನೂ ಮೊದಲೇ ವಿಚಾರಿಸಬೇಕು.

ನಮ್ಮೂರಿನಲ್ಲಿ ಯಾರು ಕೇಳುತ್ತಾರೆ?
ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವಿರಲಿ, ಜಗಳೂರಿರಲಿ, 30 ದಾಟಿದವರಿಗಾಗಿ ಇರುವ ರಾಷ್ಟ್ರೀಯ ತಪಾಸಣೆ ಕಾರ್ಯಕ್ರಮದಲ್ಲಿ ಇರುವುದು ಬಾಯಿ, ಸ್ತನ, ಗರ್ಭಕಂಠ ಕ್ಯಾನ್ಸರ್‌ಗಳು. ಪ್ರಾಸ್ಟೇಟ್ ಅದರಲ್ಲಿಲ್ಲ. ಅಂದರೆ ನಾವಾಗಿಯೇ ಕೇಳಬೇಕು. ಮೂತ್ರದ ವಿಷಯ ಹೇಳಲು ಮನೆಯ ಹಿರಿಯರು ನಾಚುತ್ತಾರೆ. ಮಕ್ಕಳೇ ಮಾತು ತೆಗೆಯಬೇಕಾಗುತ್ತದೆ. ಮೂತ್ರದಲ್ಲಿ ರಕ್ತ ಕಂಡರೆ, ಸೊಂಟ ಅಥವಾ ಬೆನ್ನುಮೂಳೆ ನೋವು ಬಿಡದೆ ಕಾಡಿದರೆ ವಯಸ್ಸು ನೋಡದೆ ವೈದ್ಯರನ್ನು ಕಾಣಿ. ಪ್ರಾಥಮಿಕ ಆರೋಗ್ಯ ಕೇಂದ್ರದಿಂದಲೇ ಆರಂಭಿಸಬಹುದು.

ಕೊನೆಯ ಮಾತು
ಸಂದೇಶ ದಾರಿ ತಪ್ಪಿಸುವಂಥದ್ದು. ಅದನ್ನು ಫಾರ್ವರ್ಡ್ ಮಾಡುವ ಬದಲು ಅಪ್ಪನಿಗೆ ಒಂದು ಫೋನ್ ಮಾಡಿ: "ರಾತ್ರಿ ಎಷ್ಟು ಸಲ ಏಳ್ತೀರಪ್ಪಾ?"