ದೂರು ಹೋಗುವ ದಾರಿ

ನಂಜನಗೂಡನ್ನು ಬಳಸಿ ಹರಿದ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಆ ಹಾದಿ ಎಲ್ಲರ ಕಣ್ಣಿಗೂ ಕಾಣುವಂಥದು. ಇದೇ ಸೀಮೆಯ ಕ್ರೈಸ್ತ ಬಂಧುವೊಬ್ಬರು ತಮ್ಮ ಗುರುಗಳ ನಡತೆಯನ್ನು ಕುರಿತು ದೂರಿತ್ತರೆ, ಅದು ಹಿಡಿಯುವ ಹಾದಿ ಮಾತ್ರ ಅಷ್ಟು ಸುಲಭವಾಗಿ ಕಾಣುವುದಿಲ್ಲ. ನಾನು ಆ ಮತದವನಲ್ಲದಿದ್ದರೂ ಈ ನೆರೆಹೊರೆಯಲ್ಲಿ ಬಾಳಿದವನಾದ್ದರಿಂದ ಅದನ್ನು ತಿಳಿಯಬೇಕೆನಿಸಿತು.

ನಂಜನಗೂಡು, ತಿರುಮಕೂಡಲು ನರಸೀಪುರ ಎರಡೂ ಮೈಸೂರಿನ ಕ್ಯಾಥೊಲಿಕ್ ಧರ್ಮಪ್ರಾಂತ್ಯಕ್ಕೆ ಸೇರಿದವು. ಊರಿನ ಗುರುಗಳ ಮೇಲೆ ದೂರು ಬಂದರೆ ಪ್ರಾಥಮಿಕ ವಿಚಾರಣೆ ನಡೆಸುವ ಹೊಣೆ ಬಿಷಪರದು. ದೂರು ಬಿಷಪರ ಮೇಲೆಯೇ ಆದರೆ? ಅವರ ವಿಷಯದಲ್ಲಿ ಕೊನೆಯ ಮಾತು ರೋಮಿನ ಪೋಪರದು. ಧರ್ಮಪ್ರಾಂತ್ಯದೊಳಗೆ ಅವರನ್ನು ವಿಚಾರಿಸಬಲ್ಲ ಪೀಠವೇ ಇಲ್ಲ.

ಇದು ಬರಿಯ ಊಹೆಯ ಪ್ರಶ್ನೆಯಲ್ಲ. 2019ರಲ್ಲಿ ಈ ಧರ್ಮಪ್ರಾಂತ್ಯದ 37 ಮಂದಿ ಗುರುಗಳು ಬಿಷಪ್ ಕೆ. ಎ. ವಿಲಿಯಂ ಅವರನ್ನು ಪದವಿಯಿಂದ ತೆಗೆಯಬೇಕೆಂದು ಪೋಪ್ ಫ್ರಾನ್ಸಿಸರಿಗೆ ಬರೆದರು. ಪತ್ರದಲ್ಲಿ ದುರ್ನಡತೆಯ ಗಂಭೀರ ಆರೋಪಗಳಿದ್ದವು. ಬಿಷಪರು ಅವನ್ನು ನಿರಾಕರಿಸಿದರು. 2023ರ ಜನವರಿಯಲ್ಲಿ ಅವರು ಕರ್ತವ್ಯದಿಂದ ದೂರ ಸರಿದರು. ಬೆಂಗಳೂರಿನ ನಿವೃತ್ತ ಮಹಾಧರ್ಮಾಧ್ಯಕ್ಷ ಬರ್ನಾರ್ಡ್ ಮೊರಾಸ್ ಆಡಳಿತಾಧಿಕಾರಿಯಾಗಿ ಬಂದರು. 2025ರ ಜನವರಿಯಲ್ಲಿ ಪೋಪರು ವಿಲಿಯಂ ಅವರ ರಾಜೀನಾಮೆಯನ್ನು ಅಂಗೀಕರಿಸಿದರು. ಬಿಷಪರ ನಿವೃತ್ತಿಗೆ ಗೊತ್ತಾದ 75 ವರ್ಷಕ್ಕೆ ಆಗ ಇನ್ನೂ ಬಹುಕಾಲವಿತ್ತು. ಆದರೆ ರಾಜೀನಾಮೆಯ ಪ್ರಕಟಣೆಯಲ್ಲಿ ಕಾರಣದ ಉಲ್ಲೇಖವಿರಲಿಲ್ಲ.

ನರಸೀಪುರದ ಕಡೆಯ ಹಿರಿಯರೊಬ್ಬರು ನನ್ನೊಡನೆ ಆಡಿದ ಮಾತು ಇಲ್ಲಿ ಸಲ್ಲುತ್ತದೆ: "ಅರಳಿಕಟ್ಟೆ ಪಂಚಾಯ್ತೀಲಿ ಸೋತ್ರೂ ತೀರ್ಪು ಕಿವಿಗೆ ಬೀಳ್ತದೆ, ಸ್ವಾಮಿ. ಇಲ್ಲಿ ಗೆದ್ದೋರು ಯಾರು, ಸೋತೋರು ಯಾರು ಅಂತ್ಲೇ ತಿಳೀನಿಲ್ಲ."

ಧರ್ಮಸಭೆ ಕೈಕಟ್ಟಿ ಕುಳಿತಿದೆಯೆಂದರೆ ಅನ್ಯಾಯವಾದೀತು. ಅದೇ 2019ರಲ್ಲಿ ಪೋಪ್ ಫ್ರಾನ್ಸಿಸರು ಹೊಸ ಶಾಸನವೊಂದನ್ನು ತಂದರು. ಲೈಂಗಿಕ ದೌರ್ಜನ್ಯದ ಇಲ್ಲವೇ ಅದನ್ನು ಮುಚ್ಚಿಟ್ಟ ಆರೋಪ ಬಿಷಪರ ಮೇಲೆ ಬಂದರೆ, ರೋಮಿನ ಅಪ್ಪಣೆ ಪಡೆದು ಪ್ರಾಂತ್ಯದ ಮಹಾಧರ್ಮಾಧ್ಯಕ್ಷರು ತನಿಖೆ ನಡೆಸಬಹುದು. ದೂರಿತ್ತವರ ಬಾಯಿಗೆ ಬೀಗ ಹಾಕಕೂಡದೆಂದೂ ಅದರಲ್ಲಿದೆ. ಆ ವರ್ಷದ ಡಿಸೆಂಬರಿನಲ್ಲಿ ಇಂಥ ಮೊಕದ್ದಮೆಗಳಿಗಿದ್ದ 'ಪೋಪರ ಗೋಪ್ಯ'ವೂ ರದ್ದಾಯಿತು. ಆದರೆ ಹಣಕಾಸಿನ ಅವ್ಯವಹಾರ, ವರ್ಗಾವಣೆಯಲ್ಲಿನ ಪಕ್ಷಪಾತ ಮುಂತಾದುವು ಆ ಶಾಸನದ ಎಲ್ಲೆಯ ಆಚೆಗಿವೆ.

ಇನ್ನು ನಾಡಿನ ಕಾನೂನು. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದದ್ದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೊ ಕಾಯಿದೆ ವಿಧಿಸುತ್ತದೆ. ಬಿಷಪರಿಗೂ ಅದರಲ್ಲಿ ವಿನಾಯಿತಿಯಿಲ್ಲ. ಹಿಂದೆ ಜಲಂಧರದ ಬಿಷಪ್ ಫ್ರಾಂಕೊ ಮುಳಕ್ಕಲ್ ಅವರ ಮೇಲೆ ಸನ್ಯಾಸಿನಿಯೊಬ್ಬರು ಮಾಡಿದ ಆರೋಪ ಕೇರಳದ ನ್ಯಾಯಾಲಯದಲ್ಲಿ ವಿಚಾರಣೆಗೆ ಬಂತು. 2022ರಲ್ಲಿ ಖುಲಾಸೆಯ ತೀರ್ಪು ಬಂತು. ಆ ತೀರ್ಪನ್ನು ಒಪ್ಪುವವರೂ ಒಪ್ಪದವರೂ ಅದರ ಕಾರಣಗಳನ್ನು ಓದಬಹುದು.

ನನಗೆ ಮುಖ್ಯವೆನಿಸುವುದು ಇಷ್ಟೇ. ಪಾಪನಿವೇದನೆಯ ಗುಟ್ಟು ಬೇರೆ, ಅಧಿಕಾರದ ಲೆಕ್ಕ ಬೇರೆ. ಮೊದಲನೆಯದು ಪಶ್ಚಾತ್ತಾಪಿಯ ರಕ್ಷೆ. ಎರಡನೆಯದು ಜನರಿಗೆ ಸಲ್ಲಬೇಕಾದ ಬಾಕಿ. ಕಾರಣ ಹೇಳದ ಮೌನದಲ್ಲಿ ದೂರಿದವರ ನೋವಿಗೆ ಉತ್ತರ ಸಿಗದು. ಆರೋಪಿತರು ನಿರ್ದೋಷಿಯಾಗಿದ್ದ ಪಕ್ಷದಲ್ಲಿ ಅವರ ಮೇಲಿನ ಕಳಂಕವೂ ತೊಳೆಯದು. ಭಾನುವಾರ ಮಕ್ಕಳ ಕೈಹಿಡಿದು ಪೂಜೆಗೆ ಬರುವ ಬಡ ಭಕ್ತರು ಗುರುಪೀಠದಿಂದ ಕೇಳುತ್ತಿರುವುದು ಶಿಕ್ಷೆಯನ್ನಲ್ಲ, ಉತ್ತರವನ್ನು.